ಯುದ್ಧವಿಮಾನದ ಎಂಜಿನ್ ಮತ್ತು ಆಫ್ಟರ್‌ಬರ್ನರ್‌ನ ಹಾರಾಟ ಅನುಕರಣೆ

ಜೆಟ್ ಯುದ್ಧವಿಮಾನದ ಎಂಜಿನ್ ನಿಜವಾದ ಹಾರಾಟದಲ್ಲಿ ವರ್ತಿಸುವ ರೀತಿಯನ್ನು ಗಣಿತೀಯ ಮಾದರಿಯ ಮೂಲಕ ಗಣಕದಲ್ಲಿ ಮರುಸೃಷ್ಟಿಸುವುದನ್ನು ಎಂಜಿನ್‌ನ ಹಾರಾಟ ಅನುಕರಣೆ ಎನ್ನುತ್ತಾರೆ. ಇಂತಹ ಮಾದರಿಯನ್ನು ಅಳವಡಿಸಿದ ಯಂತ್ರ ವ್ಯವಸ್ಥೆಗೆ ಸಿಮ್ಯುಲೇಟರ್ ಎಂದು ಹೆಸರು. ವಿಮಾನಚಾಲಕರ ತರಬೇತಿ, ಹೊಸ ವಿಮಾನದ ವಿನ್ಯಾಸ, ಹಾರಾಟ ನಿಯಂತ್ರಣ ತಂತ್ರಾಂಶದ ಪರೀಕ್ಷೆ ಹಾಗೂ ಮನೆಯ ಗಣಕದ ವಿಮಾನ ಆಟಗಳು ಇವುಗಳ ಮುಖ್ಯ ಬಳಕೆಗಳು. ಎಂಜಿನ್‌ನ ನೂಕುಬಲವು ಸ್ಥಿರವಾದ ಒಂದು ಸಂಖ್ಯೆಯಲ್ಲ. ಅದು ಎತ್ತರ, ವೇಗ, ಗಾಳಿಯ ಉಷ್ಣತೆ, ಥ್ರಾಟಲ್ ಸನ್ನೆಯ ಸ್ಥಾನ ಮತ್ತು ಕಾಲ ಇವೆಲ್ಲವನ್ನೂ ಅವಲಂಬಿಸಿ ಬದಲಾಗುತ್ತದೆ. ಆಫ್ಟರ್‌ಬರ್ನರ್ ಉರಿಯುವಾಗ ಈ ಬದಲಾವಣೆಗಳು ಇನ್ನಷ್ಟು ತೀವ್ರವಾಗುತ್ತವೆ. ಭಾರತದಲ್ಲಿ ಈ ಕ್ಷೇತ್ರದ ಬಹುಪಾಲು ಕೆಲಸ ನಡೆದಿರುವುದು ಬೆಂಗಳೂರಿನಲ್ಲಿ. ಮಾರುತ್ ಮತ್ತು ತೇಜಸ್ ವಿಮಾನಗಳು ಹಾಗೂ ಕಾವೇರಿ ಎಂಜಿನ್ ಇದಕ್ಕೆ ನಿದರ್ಶನಗಳಾಗಿವೆ.

ಎಂಜಿನ್‌ನ ಕಾರ್ಯವಿಧಾನ

ಇಂದಿನ ಯುದ್ಧವಿಮಾನಗಳಲ್ಲಿ ಸಾಮಾನ್ಯವಾಗಿ ಕಡಿಮೆ ಬೈಪಾಸ್‌ನ ಟರ್ಬೋಫ್ಯಾನ್ ಎಂಜಿನ್ ಇರುತ್ತದೆ. ಮುಂಭಾಗದಿಂದ ಒಳಬಂದ ಗಾಳಿಯನ್ನು ಫ್ಯಾನ್ ಮತ್ತು ಕಂಪ್ರೆಸರ್‌ಗಳು ಒತ್ತುತ್ತವೆ. ಒತ್ತಡಕ್ಕೊಳಗಾದ ಗಾಳಿಯು ದಹನಕೋಶದಲ್ಲಿ ಇಂಧನದೊಡನೆ ಸೇರಿ ಉರಿಯುತ್ತದೆ. ಬಿಸಿ ಅನಿಲವು ಟರ್ಬೈನ್ ಅನ್ನು ತಿರುಗಿಸುತ್ತದೆ. ಟರ್ಬೈನ್ ತನ್ನ ದಂಡದ ಮೂಲಕ ಮುಂದಿನ ಕಂಪ್ರೆಸರ್ ಅನ್ನು ತಿರುಗಿಸುತ್ತದೆ. ಉಳಿದ ಶಕ್ತಿಯೊಡನೆ ಅನಿಲವು ಹಿಂದಿನ ನಾಝಲ್‌ನಿಂದ ರಭಸವಾಗಿ ಹೊರನುಗ್ಗುತ್ತದೆ. ಹೀಗೆ ಹಿಂದಕ್ಕೆ ಹೋಗುವ ಅನಿಲದ ಸಂವೇಗಕ್ಕೆ ಪ್ರತಿಯಾಗಿ ವಿಮಾನವು ಮುಂದಕ್ಕೆ ನೂಕಲ್ಪಡುತ್ತದೆ.

ಆಫ್ಟರ್‌ಬರ್ನರ್ ಇಲ್ಲದೆ ದೊರೆಯುವ ನೂಕುಬಲವನ್ನು ಒಣ ನೂಕುಬಲ ಎನ್ನುವುದು ರೂಢಿ. ಇದರ ಗರಿಷ್ಠ ಮಟ್ಟಕ್ಕೆ ವಾಯುಪಡೆಯ ಪರಿಭಾಷೆಯಲ್ಲಿ ಮಿಲಿಟರಿ ಪವರ್ ಎಂಬ ಹೆಸರಿದೆ. ಟರ್ಬೈನ್ ಅಲಗುಗಳು ತಾಳಬಲ್ಲ ಉಷ್ಣತೆಯೇ ಈ ಮಟ್ಟಕ್ಕೆ ಮುಖ್ಯ ಮಿತಿ.

ಆಫ್ಟರ್‌ಬರ್ನರ್

ದಹನಕೋಶದಲ್ಲಿ ಎಲ್ಲ ಆಮ್ಲಜನಕವೂ ವ್ಯಯವಾಗುವುದಿಲ್ಲ. ಟರ್ಬೈನ್ ದಾಟಿದ ಅನಿಲದಲ್ಲಿ ಇನ್ನೂ ಸಾಕಷ್ಟು ಆಮ್ಲಜನಕ ಉಳಿದಿರುತ್ತದೆ. ಆ ಅನಿಲಕ್ಕೆ ಮತ್ತೊಮ್ಮೆ ಇಂಧನವನ್ನು ಸಿಂಪಡಿಸಿ ಉರಿಸುವ ಕೊಳವೆಯೇ ಆಫ್ಟರ್‌ಬರ್ನರ್. ಬ್ರಿಟಿಷ್ ಬಳಕೆಯಲ್ಲಿ ಇದನ್ನು ರೀಹೀಟ್ ಎನ್ನುತ್ತಾರೆ. ಇಲ್ಲಿಂದ ಮುಂದೆ ತಿರುಗುವ ಅಲಗುಗಳಿಲ್ಲದ ಕಾರಣ ಅನಿಲದ ಉಷ್ಣತೆಯನ್ನು ಟರ್ಬೈನ್‌ನ ಮಿತಿಗಿಂತಲೂ ಮೇಲಕ್ಕೆ ಏರಿಸಬಹುದು.

ಇದರ ಪರಿಣಾಮವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಹೊರಬೀಳುವ ಅನಿಲದ ವೇಗವು ಅದರ ನಿರಪೇಕ್ಷ ಉಷ್ಣತೆಯ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಉಷ್ಣತೆಯು 900 ಕೆಲ್ವಿನ್‌ನಿಂದ 2000 ಕೆಲ್ವಿನ್‌ಗೆ ಏರಿತೆಂದು ಭಾವಿಸಿದರೆ ಅನುಪಾತವು ಸುಮಾರು 2.2 ಆಗುತ್ತದೆ, ಅದರ ವರ್ಗಮೂಲ ಸುಮಾರು 1.5. ಅಂದರೆ ಅನಿಲದ ವೇಗವೂ ಅದರೊಡನೆ ನೂಕುಬಲವೂ ಸುಮಾರು ಒಂದೂವರೆ ಪಟ್ಟಾಗುತ್ತವೆ. ಬಿಸಿಯಾದ ಅನಿಲ ಹಿಗ್ಗುವುದರಿಂದ ಅಷ್ಟೇ ರಾಶಿಯ ಅನಿಲ ಹೊರಹೋಗಲು ನಾಝಲ್‌ನ ಬಾಯಿಯ ವಿಸ್ತೀರ್ಣವೂ ಸುಮಾರು ಒಂದೂವರೆ ಪಟ್ಟು ಹಿಗ್ಗಬೇಕಾಗುತ್ತದೆ. ಹಿಗ್ಗದಿದ್ದರೆ ಒತ್ತಡವು ಹಿಂದಕ್ಕೆ ಒತ್ತಿ ಫ್ಯಾನ್ ಮತ್ತು ಕಂಪ್ರೆಸರ್‌ನ ಹರಿವನ್ನು ಕೆಡಿಸುತ್ತದೆ. ಆದ್ದರಿಂದಲೇ ಆಫ್ಟರ್‌ಬರ್ನರ್ ಇರುವ ಎಂಜಿನ್‌ಗಳಿಗೆ ಹೂವಿನ ಎಸಳುಗಳಂತೆ ತೆರೆದು ಮುಚ್ಚುವ ನಾಝಲ್ ಅನಿವಾರ್ಯ.

ಇಂಧನದ ಬೆಲೆ

ಒಂದೂವರೆ ಪಟ್ಟು ನೂಕುಬಲಕ್ಕೆ ತೆರಬೇಕಾದ ಇಂಧನ ಒಂದೂವರೆ ಪಟ್ಟಿಗೆ ನಿಲ್ಲುವುದಿಲ್ಲ. ತೇಜಸ್ ವಿಮಾನದಲ್ಲಿ ಬಳಕೆಯಾಗುವ ಜನರಲ್ ಎಲೆಕ್ಟ್ರಿಕ್ ಎಫ್404 ಎಂಜಿನ್ ಕುಟುಂಬದ 402 ಮಾದರಿಯನ್ನು ಉದಾಹರಣೆಯಾಗಿ ನೋಡಬಹುದು. ಅದರ ಒಣ ನೂಕುಬಲ ಸುಮಾರು 49 ಕಿಲೋನ್ಯೂಟನ್. ಆಫ್ಟರ್‌ಬರ್ನರ್‌ನೊಡನೆ ಸುಮಾರು 79 ಕಿಲೋನ್ಯೂಟನ್. ಒಂದು ಕಿಲೋನ್ಯೂಟನ್ ಬಲಕ್ಕೆ ಗಂಟೆಗೆ ತಗಲುವ ಇಂಧನವು ಮೊದಲನೆಯದರಲ್ಲಿ ಸುಮಾರು 83 ಕಿಲೋಗ್ರಾಂ, ಎರಡನೆಯದರಲ್ಲಿ ಸುಮಾರು 177 ಕಿಲೋಗ್ರಾಂ. ಗುಣಿಸಿ ನೋಡಿದರೆ ಒಣ ಸ್ಥಿತಿಯಲ್ಲಿ ನಿಮಿಷಕ್ಕೆ ಸುಮಾರು 67 ಕಿಲೋಗ್ರಾಂ, ಆಫ್ಟರ್‌ಬರ್ನರ್‌ನಲ್ಲಿ ನಿಮಿಷಕ್ಕೆ ಸುಮಾರು 230 ಕಿಲೋಗ್ರಾಂ ಇಂಧನ ಉರಿಯುತ್ತದೆ. ನೂಕುಬಲ ಹೆಚ್ಚಿದ್ದು 1.6 ಪಟ್ಟು; ಇಂಧನದ ಖರ್ಚು ಹೆಚ್ಚಿದ್ದು ಸುಮಾರು 3.5 ಪಟ್ಟು.

ತೇಜಸ್ ತನ್ನ ಒಡಲಿನಲ್ಲಿ ಸುಮಾರು 2,450 ಕಿಲೋಗ್ರಾಂ ಇಂಧನ ಹೊರುತ್ತದೆ. ಮೇಲಿನ ದರದಲ್ಲಿ ಅದು ಆಫ್ಟರ್‌ಬರ್ನರ್‌ನಲ್ಲಿ ಹತ್ತು ನಿಮಿಷಕ್ಕೆ ತುಸು ಹೆಚ್ಚು ಕಾಲ ಮಾತ್ರ ಸಾಕಾಗುತ್ತದೆ. ಈ ಅಂಕಿಗಳು ಸಮುದ್ರಮಟ್ಟದಲ್ಲಿ, ನಿಂತ ಸ್ಥಿತಿಯಲ್ಲಿರುವ ಎಂಜಿನ್‌ಗೆ ಸಂಬಂಧಿಸಿದವು. ಎತ್ತರಕ್ಕೆ ಹೋದಂತೆ ಗಾಳಿ ವಿರಳವಾಗಿ ಖರ್ಚು ಇಳಿಯುತ್ತದೆ. ಆದರೂ ಆಫ್ಟರ್‌ಬರ್ನರ್ ಅನ್ನು ಮೇಲೇರಿಕೆ, ವೇಗವರ್ಧನೆ ಹಾಗೂ ಕಾಳಗದ ಕೆಲವು ಕ್ಷಣಗಳಿಗೆ ಮಾತ್ರ ಏಕೆ ಮೀಸಲಿಡುತ್ತಾರೆ ಎಂಬುದಕ್ಕೆ ಇದೇ ಉತ್ತರ. ನೂಕುಬಲವನ್ನು ಸರಿಯಾಗಿ ತೋರಿಸಿ ಇಂಧನದ ಖರ್ಚನ್ನು ಕಡಿಮೆ ತೋರಿಸುವ ಸಿಮ್ಯುಲೇಟರ್, ಹಿಂದಿರುಗಲು ಇಂಧನ ಉಳಿಸಿಕೊಳ್ಳುವ ಅಭ್ಯಾಸವನ್ನೇ ಕಲಿಯುವವನಿಂದ ತಪ್ಪಿಸುತ್ತದೆ.

ಎತ್ತರ, ಉಷ್ಣತೆ ಮತ್ತು ವೇಗದ ಪ್ರಭಾವ

ಎಂಜಿನ್ ನುಂಗುವ ಗಾಳಿಯ ರಾಶಿ ಕಡಿಮೆಯಾದರೆ ನೂಕುಬಲವೂ ಕಡಿಮೆಯಾಗುತ್ತದೆ. ಅಂತರರಾಷ್ಟ್ರೀಯ ಮಾನಕ ವಾಯುಮಂಡಲದ ಪ್ರಕಾರ 11 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದ ಸುಮಾರು ಶೇ. 30 ಮಾತ್ರ, ಉಷ್ಣತೆ –56.5 ಡಿಗ್ರಿ ಸೆಲ್ಸಿಯಸ್. ಸುಮಾರು 3,250 ಮೀಟರ್ ಎತ್ತರದಲ್ಲಿರುವ ಲೇಹ್ ವಿಮಾನ ನಿಲ್ದಾಣದಲ್ಲಿ ಮಾನಕ ಸಾಂದ್ರತೆಯು ಸಮುದ್ರಮಟ್ಟದ ಶೇ. 72ರಷ್ಟಿರುತ್ತದೆ.

ಎತ್ತರದಂತೆಯೇ ಬಿಸಿಲೂ ಗಾಳಿಯನ್ನು ವಿರಳಗೊಳಿಸುತ್ತದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಬಯಲು ಪ್ರದೇಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸುಮಾರು 550 ಮೀಟರ್ ಎತ್ತರದಲ್ಲಿ, ಬೇಸಿಗೆಯ 40 ಡಿಗ್ರಿ ಬಿಸಿಲಿನಲ್ಲಿ ಲೆಕ್ಕಹಾಕಿದರೆ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದ ಮಾನಕ ಬೆಲೆಯ ಸುಮಾರು ಶೇ. 86ಕ್ಕೆ ಇಳಿಯುತ್ತದೆ. ಸುಮಾರು 890 ಮೀಟರ್ ಎತ್ತರದ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ 30 ಡಿಗ್ರಿ ಉಷ್ಣತೆಯಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ತಗ್ಗಿನಲ್ಲಿರುವ ಬಿಸಿ ಊರು ಎತ್ತರದಲ್ಲಿರುವ ತಂಪು ಊರಿಗೆ ಸಮನಾಗುವುದು ಹೀಗೆ. ಇಂತಹ ದಿನಗಳಲ್ಲಿ ವಿಮಾನಕ್ಕೆ ಹೆಚ್ಚು ಉದ್ದದ ಓಡುದಾರಿ ಬೇಕಾಗುತ್ತದೆ. ಉತ್ತಮ ಅನುಕರಣೆಯಲ್ಲಿ ಎತ್ತರದೊಡನೆ ದಿನದ ಉಷ್ಣತೆಯನ್ನೂ ನಮೂದಿಸಲು ಅವಕಾಶವಿರುವುದು ಈ ಕಾರಣದಿಂದ.

ವೇಗದ ಪರಿಣಾಮ ಸ್ವಲ್ಪ ಭಿನ್ನವಾದುದು. ವಿಮಾನದ ವೇಗ ಹೆಚ್ಚಿದಂತೆ ಒಳಬರುವ ಗಾಳಿ ತಾನಾಗಿಯೇ ಒತ್ತಲ್ಪಡುವುದರಿಂದ ಎಂಜಿನ್‌ಗೆ ಹೆಚ್ಚು ಗಾಳಿ ಸಿಗುತ್ತದೆ. ಅದೇ ವೇಳೆ ಹೊರಬೀಳುವ ಅನಿಲದ ವೇಗಕ್ಕೂ ವಿಮಾನದ ವೇಗಕ್ಕೂ ಇರುವ ಅಂತರ ಕುಗ್ಗುತ್ತದೆ. ಈ ಎರಡರ ಹಗ್ಗಜಗ್ಗಾಟದಲ್ಲಿ ಒಣ ನೂಕುಬಲವು ವೇಗದೊಡನೆ ಹೆಚ್ಚು ಏರದೆ ಉಳಿಯುತ್ತದೆ ಅಥವಾ ಇಳಿಯುತ್ತದೆ. ಆಫ್ಟರ್‌ಬರ್ನರ್‌ನಲ್ಲಿ ಅನಿಲದ ವೇಗವೇ ಬಹಳ ಹೆಚ್ಚಿರುವುದರಿಂದ ಶಬ್ದವೇಗದ ಆಸುಪಾಸಿನಲ್ಲಿ ನೂಕುಬಲ ಗಣನೀಯವಾಗಿ ಏರುತ್ತದೆ.

ಗಣಿತೀಯ ಮಾದರಿಗಳು

ಅನುಕರಣೆಯಲ್ಲಿ ಎರಡು ಬಗೆಯ ಮಾದರಿಗಳು ಪ್ರಚಲಿತವಾಗಿವೆ. ಮೊದಲನೆಯದು ಕೋಷ್ಟಕ ಮಾದರಿ. ಎತ್ತರ ಮತ್ತು ಮ್ಯಾಕ್ ಸಂಖ್ಯೆಗಳ ಪ್ರತಿ ಜೋಡಿಗೂ ನೂಕುಬಲ ಎಷ್ಟೆಂಬುದನ್ನು ಮೊದಲೇ ಬರೆದಿಟ್ಟು, ನಡುವಿನ ಬೆಲೆಗಳನ್ನು ಗಣಕವು ಲೆಕ್ಕಹಾಕಿಕೊಳ್ಳುತ್ತದೆ. ಅಮೆರಿಕದ ನಾಸಾ ಸಂಸ್ಥೆಯು 1979ರಲ್ಲಿ ಪ್ರಕಟಿಸಿದ ಎಫ್-16 ಸಿಮ್ಯುಲೇಟರ್ ಅಧ್ಯಯನ ಇದರ ಪ್ರಸಿದ್ಧ ಉದಾಹರಣೆ. ಅದರಲ್ಲಿ ಐಡಲ್, ಮಿಲಿಟರಿ ಪವರ್ ಮತ್ತು ಪೂರ್ಣ ಆಫ್ಟರ್‌ಬರ್ನರ್ ಎಂಬ ಮೂರು ಸ್ಥಿತಿಗಳಿಗೆ ಮೂರು ಕೋಷ್ಟಕಗಳಿವೆ. ಥ್ರಾಟಲ್ ಸನ್ನೆಯು ತನ್ನ ಚಲನೆಯ ಶೇ. 77ನ್ನು ತಲುಪಿದಾಗ ಮಿಲಿಟರಿ ಪವರ್ ದೊರೆಯುತ್ತದೆ, ಉಳಿದ ಶೇ. 23ರ ಚಲನೆ ಆಫ್ಟರ್‌ಬರ್ನರ್‌ಗೆ ಮೀಸಲು. ಈ ಮಾದರಿಯ ಸರಳೀಕೃತ ರೂಪವು ವಿಶ್ವವಿದ್ಯಾಲಯಗಳ ಪಠ್ಯಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಎರಡನೆಯದು ಘಟಕ ಮಾದರಿ. ಇದರಲ್ಲಿ ಫ್ಯಾನ್, ಕಂಪ್ರೆಸರ್, ದಹನಕೋಶ, ಟರ್ಬೈನ್, ಆಫ್ಟರ್‌ಬರ್ನರ್ ಮತ್ತು ನಾಝಲ್‌ಗಳಲ್ಲಿ ಪ್ರತಿಯೊಂದಕ್ಕೂ ಒತ್ತಡ, ಉಷ್ಣತೆ ಮತ್ತು ಹರಿವಿನ ಸಮೀಕರಣಗಳನ್ನು ಬಿಡಿಸಲಾಗುತ್ತದೆ. ಲೆಕ್ಕದ ಹೊರೆ ಹೆಚ್ಚು. ಆದರೆ ಎಂಜಿನ್‌ನ ಒಳಗಿನ ದೋಷಗಳನ್ನೂ ತೋರಿಸಬಲ್ಲದು. ಎಂಜಿನ್ ತಯಾರಕರು ಮತ್ತು ನಿಯಂತ್ರಣ ವ್ಯವಸ್ಥೆಯ ವಿನ್ಯಾಸಕರು ಇದನ್ನು ಬಳಸುತ್ತಾರೆ.

ಮುಕ್ತ ತಂತ್ರಾಂಶಗಳಲ್ಲಿ ಜೆಎಸ್‌ಬಿಸಿಮ್ ಹೆಸರಾದುದು; ಫ್ಲೈಟ್‌ಗೇರ್ ಎಂಬ ಉಚಿತ ಸಿಮ್ಯುಲೇಟರ್ ಇದನ್ನು ಬಳಸಿಕೊಳ್ಳುತ್ತದೆ. ಇದರ ಟರ್ಬೈನ್ ಎಂಜಿನ್ ಕಡತದಲ್ಲಿ ಮಿಲಿಟರಿ ನೂಕುಬಲ, ಗರಿಷ್ಠ ನೂಕುಬಲ, ಬೈಪಾಸ್ ಅನುಪಾತ, ಆಫ್ಟರ್‌ಬರ್ನರ್ ಇಲ್ಲದ ಮತ್ತು ಇರುವ ಸ್ಥಿತಿಗಳ ಇಂಧನ ಬಳಕೆಯ ದರ ಮುಂತಾದವುಗಳನ್ನು ಪ್ರತ್ಯೇಕವಾಗಿ ನಮೂದಿಸಲಾಗುತ್ತದೆ. ವಿದ್ಯಾರ್ಥಿಗಳು ಈ ಸಂಖ್ಯೆಗಳನ್ನು ಬದಲಿಸಿ ಪರಿಣಾಮವನ್ನು ತಾವೇ ನೋಡಬಹುದು.

ಕಾಲದ ವಿಳಂಬ

ಥ್ರಾಟಲ್ ಸನ್ನೆಯನ್ನು ತಟ್ಟನೆ ಮುಂದಕ್ಕೆ ತಳ್ಳಿದರೂ ನೂಕುಬಲ ತಟ್ಟನೆ ಬರುವುದಿಲ್ಲ. ಭಾರವಾದ ತಿರುಗುವ ಭಾಗಗಳು ವೇಗ ಪಡೆಯಲು ಕೆಲವು ಸೆಕೆಂಡುಗಳು ಬೇಕು. ಇಂಧನವನ್ನು ಒಮ್ಮೆಲೇ ಸುರಿದರೆ ಕಂಪ್ರೆಸರ್‌ನ ಹರಿವು ಮುರಿಯುವ ಅಪಾಯವಿರುವುದರಿಂದ ನಿಯಂತ್ರಣ ವ್ಯವಸ್ಥೆಯೂ ಏರಿಕೆಯನ್ನು ತಡೆಹಿಡಿಯುತ್ತದೆ. ಸರಳ ಮಾದರಿಗಳಲ್ಲಿ ಇದನ್ನು ಕಾಲಾಂಕವೆಂಬ ಒಂದೇ ಸಂಖ್ಯೆಯಿಂದ ಸೂಚಿಸುತ್ತಾರೆ. ಕಾಲಾಂಕವು ಒಂದು ಸೆಕೆಂಡ್ ಆಗಿದ್ದರೆ, ಕೇಳಿದ ಬದಲಾವಣೆಯ ಸುಮಾರು ಶೇ. 63 ಭಾಗ ಮೊದಲ ಸೆಕೆಂಡಿನಲ್ಲಿ ಪೂರ್ಣಗೊಳ್ಳುತ್ತದೆ. ಮೇಲೆ ಹೇಳಿದ ಎಫ್-16 ಮಾದರಿಯಲ್ಲಿ ಕೇಳಿದ ಬದಲಾವಣೆ ಚಿಕ್ಕದಿದ್ದರೆ ಕಾಲಾಂಕ 1 ಸೆಕೆಂಡ್. ದೊಡ್ಡದಿದ್ದರೆ ಅದು 10 ಸೆಕೆಂಡಿನವರೆಗೂ ಏರುತ್ತದೆ.

ಇಳಿಯುವ ಹಂತದಲ್ಲಿ ಈ ವಿಳಂಬ ಜೀವನ್ಮರಣದ ವಿಷಯವಾಗುತ್ತದೆ. ಓಡುದಾರಿಯ ಸಮೀಪ, ಕಡಿಮೆ ಎತ್ತರದಲ್ಲಿ ಥ್ರಾಟಲ್ ಅನ್ನು ಐಡಲ್‌ಗೆ ಎಳೆದ ಚಾಲಕನು ವಿಮಾನ ಕುಸಿಯುತ್ತಿರುವುದನ್ನು ಕಂಡು ಮತ್ತೆ ತಳ್ಳಿದಾಗ, ಬಲ ಬರುವಷ್ಟರಲ್ಲಿ ನೆಲ ಬಂದಿರಬಹುದು. ವಿಳಂಬವಿಲ್ಲದ ಸಿಮ್ಯುಲೇಟರ್‌ನಲ್ಲಿ ಕಲಿತವನಿಗೆ ಈ ಎಚ್ಚರಿಕೆ ಮೈಗೂಡುವುದಿಲ್ಲ.

ಆಫ್ಟರ್‌ಬರ್ನರ್‌ಗೆ ತನ್ನದೇ ಕ್ರಮವಿದೆ. ಮೊದಲು ಎಂಜಿನ್ ಪೂರ್ಣ ವೇಗಕ್ಕೆ ಬರಬೇಕು. ಬಳಿಕ ಸ್ವಲ್ಪ ಇಂಧನದಿಂದ ಜ್ವಾಲೆ ಹೊತ್ತಬೇಕು, ನಾಝಲ್ ತೆರೆದುಕೊಳ್ಳಬೇಕು, ಆಮೇಲೆ ಹಂತಹಂತವಾಗಿ ಇಂಧನ ಹೆಚ್ಚಬೇಕು.

ಉಪಕರಣ ಫಲಕದ ಸೂಚನೆಗಳು

ಆಫ್ಟರ್‌ಬರ್ನರ್ ಹೊತ್ತಿದಾಗ ಎಂಜಿನ್‌ನ ತಿರುಗುವೇಗದ ಮುಳ್ಳು ಗಣನೀಯವಾಗಿ ಏರುವುದಿಲ್ಲ. ಅದು ಆಗಲೇ ಗರಿಷ್ಠದ ಸಮೀಪದಲ್ಲಿರುತ್ತದೆ. ಟರ್ಬೈನ್ ಉಷ್ಣತೆಯ ಮಾಪಕವೂ ಬಹುತೇಕ ಸ್ಥಿರವಾಗಿರುತ್ತದೆ. ಏಕೆಂದರೆ ಅದರ ಸಂವೇದಕ ಆಫ್ಟರ್‌ಬರ್ನರ್‌ಗಿಂತ ಮುಂಚಿನ ಭಾಗದಲ್ಲಿದೆ. ಬದಲಾಗುವುದು ಮುಖ್ಯವಾಗಿ ಎರಡು: ನಾಝಲ್‌ನ ತೆರವು ಮತ್ತು ಇಂಧನದ ಹರಿವು. ತಿರುಗುವೇಗವನ್ನು ಶೇ. 100ರಿಂದ ಬಹಳ ಮೇಲಕ್ಕೆ ಏರಿಸಿ ಆಫ್ಟರ್‌ಬರ್ನರ್ ತೋರಿಸುವ ಆಟಗಳು ಈ ವಿಷಯದಲ್ಲಿ ತಪ್ಪು ಹೇಳುತ್ತವೆ. ನಾಝಲ್ ನೆಲದ ಮೇಲೆ ಐಡಲ್‌ನಲ್ಲಿ ಅಗಲವಾಗಿರುತ್ತದೆ, ಮಿಲಿಟರಿ ಪವರ್‌ನಲ್ಲಿ ಕಿರಿದಾಗುತ್ತದೆ, ಆಫ್ಟರ್‌ಬರ್ನರ್‌ನಲ್ಲಿ ಮತ್ತೆ ಅಗಲವಾಗುತ್ತದೆ.

ಅಸಹಜ ಸ್ಥಿತಿಗಳು

ತರಬೇತಿ ಸಿಮ್ಯುಲೇಟರ್‌ಗಳ ದೊಡ್ಡ ಉಪಯೋಗವೆಂದರೆ ಆಕಾಶದಲ್ಲಿ ಬೇಕೆಂದು ಉಂಟುಮಾಡಲಾಗದ ಸಂಕಟಗಳನ್ನು ನೆಲದ ಮೇಲೆ ಅಭ್ಯಾಸ ಮಾಡಿಸುವುದು. ಅವುಗಳಲ್ಲಿ ಮುಖ್ಯವಾದವು ಮೂರು. ಕಂಪ್ರೆಸರ್ ಸ್ಟಾಲ್‌ನಲ್ಲಿ ಅಲಗುಗಳ ಮೇಲಿನ ಹರಿವು ಮುರಿದು ಗುಂಡು ಹಾರಿದಂತಹ ಸದ್ದು ಬರುತ್ತದೆ, ನೂಕುಬಲ ಕುಸಿಯುತ್ತದೆ. ಜ್ವಾಲೆ ನಂದುವ ಸ್ಥಿತಿಯಲ್ಲಿ ದಹನಕೋಶದ ಬೆಂಕಿಯೇ ಆರುತ್ತದೆ. ಅದನ್ನು ಮತ್ತೆ ಹೊತ್ತಿಸಲು ನಿರ್ದಿಷ್ಟ ಎತ್ತರ ಮತ್ತು ವೇಗದ ವ್ಯಾಪ್ತಿಯೊಳಗೆ ವಿಮಾನವನ್ನು ತರಬೇಕು. ಮೂರನೆಯದು ಆಫ್ಟರ್‌ಬರ್ನರ್ ಮಾತ್ರ ಆರುವುದು ಅಥವಾ ಹೊತ್ತದಿರುವುದು. ಹೆಚ್ಚು ಎತ್ತರ ಮತ್ತು ಕಡಿಮೆ ವೇಗದಲ್ಲಿ ಒತ್ತಡ ತೀರಾ ಕಡಿಮೆಯಿರುವುದರಿಂದ ಇದು ಸಂಭವಿಸುತ್ತದೆ.

ಕರ್ನಾಟಕದಲ್ಲಿ ಬೆಳವಣಿಗೆ

ಮಾರುತ್: ಜರ್ಮನಿಯ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಅದರ ದೇಹವನ್ನು ಶಬ್ದವೇಗವನ್ನು ಮೀರುವಂತೆ ವಿನ್ಯಾಸಗೊಳಿಸಲಾಗಿತ್ತು. ಆದರೆ ಉದ್ದೇಶಿಸಿದ್ದ, ಆಫ್ಟರ್‌ಬರ್ನರ್ ಇರುವ ಆರ್ಫಿಯಸ್ 12 ಎಂಜಿನ್ ದೊರೆಯಲಿಲ್ಲ. ಆಫ್ಟರ್‌ಬರ್ನರ್ ಇಲ್ಲದ ಎರಡು ಆರ್ಫಿಯಸ್ 703 ಎಂಜಿನ್‌ಗಳೊಡನೆ, ಪ್ರತಿಯೊಂದರ ಸುಮಾರು 21.6 ಕಿಲೋನ್ಯೂಟನ್ ಬಲದಿಂದ, ಅದು ಸಮತಲ ಹಾರಾಟದಲ್ಲಿ ಶಬ್ದವೇಗವನ್ನು ದಾಟಲಾಗಲಿಲ್ಲ. ಕೊರತೆ ತುಂಬಲು ಆರ್ಫಿಯಸ್ 703ಕ್ಕೆ ಆಫ್ಟರ್‌ಬರ್ನರ್ ಜೋಡಿಸುವ ಪ್ರಯತ್ನ ಬೆಂಗಳೂರಿನಲ್ಲೇ ನಡೆಯಿತು. 1970ರ ಜನವರಿ 10ರಂದು ಇಂತಹ ಪ್ರಾಯೋಗಿಕ ವಿಮಾನವು ಮೇಲೇರುವಾಗ ಅಪಘಾತಕ್ಕೀಡಾಗಿ, ಮಾರುತ್‌ನ ಮೊದಲ ಹಾರಾಟವನ್ನೂ ನಡೆಸಿದ್ದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಮೃತಪಟ್ಟರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಅವರ ಹೆಸರನ್ನು ಹೊತ್ತಿದೆ.

ಕಾವೇರಿ: ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯು (ಜಿಟಿಆರ್‌ಇ) 1959ರಲ್ಲಿ ಕಾನ್ಪುರದಲ್ಲಿ ಆರಂಭವಾಗಿ 1961ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಲಘು ಯುದ್ಧವಿಮಾನಕ್ಕಾಗಿ ಕಾವೇರಿ ಎಂಜಿನ್ ನಿರ್ಮಿಸುವ ಯೋಜನೆ ಈ ಸಂಸ್ಥೆಗೆ 1989ರಲ್ಲಿ ಮಂಜೂರಾಯಿತು. ಅದರ ತಿರುಳು ಭಾಗಕ್ಕೆ ಕಬಿನಿ ಎಂಬ ಹೆಸರಿಡಲಾಯಿತು. ಒಣ ನೂಕುಬಲ 52 ಮತ್ತು ಆಫ್ಟರ್‌ಬರ್ನರ್‌ನೊಡನೆ 81 ಕಿಲೋನ್ಯೂಟನ್ ಎಂಬ ಗುರಿಗಳಲ್ಲಿ ಮೊದಲನೆಯದರ ಸಮೀಪಕ್ಕೆ ಎಂಜಿನ್ ಬಂದಿತು. ಎರಡನೆಯದರಲ್ಲಿ 70–75 ಕಿಲೋನ್ಯೂಟನ್ ಆಸುಪಾಸಿನಲ್ಲಿ ನಿಂತಿತು. 2008ರಲ್ಲಿ ಕಾವೇರಿಯನ್ನು ತೇಜಸ್ ಯೋಜನೆಯಿಂದ ಬೇರ್ಪಡಿಸಲಾಯಿತು. ಎತ್ತರದ ಸ್ಥಿತಿಗಳನ್ನು ನೆಲದಲ್ಲೇ ಸೃಷ್ಟಿಸುವ ಪರೀಕ್ಷಾಗಾರ ಹಾಗೂ ಹಾರುವ ಪರೀಕ್ಷಾ ವಿಮಾನ ದೇಶದಲ್ಲಿ ಇಲ್ಲದ್ದರಿಂದ ಈ ಪರೀಕ್ಷೆಗಳಿಗೆ ಎಂಜಿನ್ ರಷ್ಯಾಕ್ಕೆ ಹೋಗಬೇಕಾಯಿತು. 2010ರ ನವೆಂಬರ್ 3ರಂದು ಇಲ್ಯೂಷಿನ್-76 ವಿಮಾನದ ರೆಕ್ಕೆಯಡಿ ಅದು ಮೊದಲು ಹಾರಿತು. ಆ ಹಂತದ 27 ಹಾರಾಟಗಳಲ್ಲಿ 12 ಕಿಲೋಮೀಟರ್ ಎತ್ತರ ಮತ್ತು ಮ್ಯಾಕ್ 0.7ರವರೆಗಿನ ಸ್ಥಿತಿಗಳಲ್ಲಿ ಪರೀಕ್ಷೆ ನಡೆಯಿತು.

ತೇಜಸ್: ತೇಜಸ್ ಸ್ವಭಾವತಃ ಅಸ್ಥಿರವಾದ ವಿಮಾನ, ಗಣಕದ ನೆರವಿಲ್ಲದೆ ಹಾರಲಾರದು. ಇದರ ನಿಯಂತ್ರಣ ನಿಯಮಗಳಿಗಾಗಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ (ಎನ್‌ಎಎಲ್) ನೇತೃತ್ವದಲ್ಲಿ 1992ರಲ್ಲಿ ಒಂದು ರಾಷ್ಟ್ರೀಯ ತಂಡ ರಚನೆಯಾಯಿತು. ಸಿಮ್ಯುಲೇಟರ್‌ಗಳ ನಿರ್ಮಾಣದಲ್ಲಿ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ (ಎಡಿಇ) ಪ್ರಮುಖ ಪಾತ್ರ ವಹಿಸಿತು. ಅಮೆರಿಕದಲ್ಲಿ ಎಫ್-16 ವಿಸ್ಟಾ ಎಂಬ ಹಾರುವ ಸಿಮ್ಯುಲೇಟರ್‌ನಲ್ಲೂ ಈ ನಿಯಮಗಳನ್ನು ಪರೀಕ್ಷಿಸಲಾಯಿತು. 1996ರ ಜುಲೈ ವೇಳೆಗೆ 33 ಹಾರಾಟಗಳು ಮುಗಿದಿದ್ದವು. 1998ರ ಅಣುಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿದಾಗ ಉಳಿದ ಕೆಲಸವನ್ನು ಭಾರತದಲ್ಲೇ ಪೂರ್ಣಗೊಳಿಸಲಾಯಿತು. 2001ರ ಜನವರಿ 4ರಂದು ತೇಜಸ್ ಬೆಂಗಳೂರಿನಲ್ಲಿ ಎಫ್404 ಎಂಜಿನ್‌ನೊಡನೆ ಮೊದಲು ಹಾರಿತು. ತೇಜಸ್ ಮಾರ್ಕ್ 1ಎ ವಿಮಾನಗಳಿಗಾಗಿ 2021ರಲ್ಲಿ ಇದೇ ಕುಟುಂಬದ 99 ಎಂಜಿನ್‌ಗಳಿಗೆ ಬೇಡಿಕೆ ಸಲ್ಲಿಸಲಾಯಿತು.

ಬೀದರ್: ಬೀದರ್ ವಾಯುನೆಲೆಯಲ್ಲಿ ಯುದ್ಧವಿಮಾನ ಚಾಲಕರಿಗೆ ಹಾಕ್ ವಿಮಾನಗಳಲ್ಲಿ ತರಬೇತಿ ನೀಡಲಾಗುತ್ತದೆ. ಹಾಕ್‌ನ ಅಡೂರ್ ಎಂಜಿನ್‌ಗೆ ಆಫ್ಟರ್‌ಬರ್ನರ್ ಇಲ್ಲ. ಅದೇ ಕುಟುಂಬದ, ಜಾಗ್ವಾರ್ ವಿಮಾನದಲ್ಲಿರುವ ಎಂಜಿನ್‌ಗೆ ಇದೆ. ಹೀಗಾಗಿ ತರುಣ ಚಾಲಕನು ಆಫ್ಟರ್‌ಬರ್ನರ್‌ನ ವರ್ತನೆಯನ್ನು ಮುಂದಿನ ಹಂತದ ವಿಮಾನದಲ್ಲಿ ಎದುರಿಸುತ್ತಾನೆ. ಅದಕ್ಕೆ ಮೊದಲು ಸಿಮ್ಯುಲೇಟರ್‌ನಲ್ಲಿ ದೊರೆಯುವ ಪರಿಚಯಕ್ಕೆ ಆದುದರಿಂದ ವಿಶೇಷ ಮಹತ್ವವಿದೆ.

ಮಿತಿಗಳು

ಮಾದರಿಯ ಚಿಕ್ಕ ತಪ್ಪು ಫಲಿತಾಂಶದಲ್ಲಿ ದೊಡ್ಡದಾಗಬಹುದು. ವಿಮಾನದ ಮೇಲೇರುವ ದರವು ನೂಕುಬಲದಿಂದ ಗಾಳಿಯ ಪ್ರತಿರೋಧವನ್ನು ಕಳೆದು, ವೇಗದಿಂದ ಗುಣಿಸಿ, ತೂಕದಿಂದ ಭಾಗಿಸಿದಾಗ ಸಿಗುತ್ತದೆ. 10 ಟನ್ ರಾಶಿಯ ವಿಮಾನವು ಸೆಕೆಂಡಿಗೆ 250 ಮೀಟರ್ ವೇಗದಲ್ಲಿ, 20 ಕಿಲೋನ್ಯೂಟನ್ ಹೆಚ್ಚುವರಿ ಬಲದೊಡನೆ ಹಾರುತ್ತಿದ್ದರೆ ಅದರ ಏರಿಕೆ ಸೆಕೆಂಡಿಗೆ ಸುಮಾರು 51 ಮೀಟರ್. ಒಟ್ಟು 80 ಕಿಲೋನ್ಯೂಟನ್ ನೂಕುಬಲದಲ್ಲಿ ಮಾದರಿಯು ಶೇ. 5ರಷ್ಟು, ಅಂದರೆ 4 ಕಿಲೋನ್ಯೂಟನ್ ಹೆಚ್ಚು ತೋರಿಸಿದರೆ ಏರಿಕೆಯು ಸೆಕೆಂಡಿಗೆ ಸುಮಾರು 61 ಮೀಟರ್ ಎಂದು ಕಾಣುತ್ತದೆ. ಶೇ. 5ರ ತಪ್ಪು ಶೇ. 20ರ ತಪ್ಪಾಗಿ ಬೆಳೆಯುತ್ತದೆ.

ತಯಾರಕರು ಎಂಜಿನ್‌ನ ಪೂರ್ಣ ಕೋಷ್ಟಕಗಳನ್ನು ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ. ಸಾರ್ವಜನಿಕವಾಗಿ ದೊರೆಯುವುದು ಸಮುದ್ರಮಟ್ಟದಲ್ಲಿ ನಿಂತ ಎಂಜಿನ್‌ನ ಗರಿಷ್ಠ ಬಲ ಮಾತ್ರ. ವಿಮಾನದಲ್ಲಿ ಕೂರಿಸಿದಾಗ ಗಾಳಿನಾಳದ ನಷ್ಟ ಮತ್ತು ಇತರ ಬಳಕೆಗಳಿಂದ ಅದು ಇನ್ನೂ ಇಳಿಯುತ್ತದೆ. ಆದ್ದರಿಂದ ಮನೆಬಳಕೆಯ ಸಿಮ್ಯುಲೇಟರ್‌ಗಳಲ್ಲಿನ ಯುದ್ಧವಿಮಾನಗಳ ಅಂಕಿಗಳು ಬಹುಮಟ್ಟಿಗೆ ಅಂದಾಜುಗಳಾಗಿರುತ್ತವೆ. ಅಳತೆಯ ಮೂಲಕ ಸಿಗದ ಸತ್ಯವನ್ನು ಗಣಕ ತಾನಾಗಿ ಸೃಷ್ಟಿಸಲಾರದು. ಪರೀಕ್ಷಾಗಾರದಲ್ಲಿ ಮತ್ತು ಆಕಾಶದಲ್ಲಿ ಎಂಜಿನ್ ಅನ್ನು ಎಷ್ಟು ಸ್ಥಿತಿಗಳಲ್ಲಿ ಅಳೆಯಲಾಗಿದೆಯೋ ಅಷ್ಟು ಸ್ಥಿತಿಗಳಲ್ಲಿ ಮಾತ್ರ ಅದರ ಅನುಕರಣೆಯನ್ನು ನಂಬಬಹುದು.